ಅಂತರಗಂಗೆ ಬಂಡೆ ಮೇಲೆ ಡ್ರ್ಯಾಗನ್ ಇಳಿಸಬೇಕು: ಕಾಲು ಜಾರುತ್ತೆ, ಬೆಂಕಿ ಅಂಟಿಸಿದ ಹಾಗಿದೆ

ಶತಶೃಂಗ (ಕೋಲಾರ):
ನಮಸ್ಕಾರ. 12 ನಿಮಿಷದ ಕಿರುಚಿತ್ರ. ಊರುಗಳೆಲ್ಲ ಸುಟ್ಟುಹೋದ ಮೇಲೆ ಅಂತರಗಂಗೆ ಗುಹೆಗಳಲ್ಲಿ ಬದುಕುಳಿದ ಒಂಬತ್ತು ಜನ, 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಯ ಆಳದಿಂದ ಎದ್ದು ಬರೋ ಡ್ರ್ಯಾಗನ್, ಕೊನೆಗೆ ಬಂಡೆಗಳ ಮೇಲೆ ಕಾದಾಟ. ಡ್ರ್ಯಾಗನ್ನಿನ ರೆಕ್ಕೆ ತುದಿಯಿಂದ ತುದಿಗೆ 20 ಮೀಟರ್. ಮಾಡೆಲ್ ಮತ್ತು ರಿಗ್ (ಅದನ್ನ ಆಡಿಸೋ ಮೂಳೆ ಚೌಕಟ್ಟು) ಸಿದ್ಧ ಇದೆ, ಕೆಲಸ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ.

ಪರೀಕ್ಷೆಗೆ ತೆಗೆದ ಶಾಟ್‌ಗಳು ಫೋನಿನವು: 4ಕೆ, ಸೆಕೆಂಡಿಗೆ 24 ಫ್ರೇಮ್, ನಡುಮಧ್ಯಾಹ್ನದ ಬಿಸಿಲು, ಕೈಯಲ್ಲಿ ಹಿಡಿದು ತೆಗೆದದ್ದು. ಕ್ಯಾಮೆರಾ ಹೇಗೆ ಸರಿದಿದೆ ಅಂತ ಬ್ಲೆಂಡರ್ ವಿಡಿಯೋದಿಂದ ಹಾಕೋ ಲೆಕ್ಕದ ತಪ್ಪು (ಟ್ರ್ಯಾಕ್ ಸಾಲ್ವ್ ಎರರ್) 2.8 ಪಿಕ್ಸೆಲ್‌ಗಿಂತ ಕೆಳಗೆ ಇಳೀತಿಲ್ಲ, ಡ್ರ್ಯಾಗನ್ ಪಂಜ ಬಂಡೆ ಮೇಲೆ ಜಾರಿಕೊಂಡು ಹೋಗುತ್ತೆ. ರೆಕ್ಕೆ ಒಂದು ಸಲ ಬಡಿಯೋಕೆ 12 ಫ್ರೇಮ್ ಕೊಟ್ಟಿದೆ, ಆಟದ ಸಾಮಾನಿನ ಹಾಗೆ ಕಾಣುತ್ತೆ. ಬೆಂಕಿ ಅಂತೂ ಕಾಗದ ಕತ್ತರಿಸಿ ಅಂಟಿಸಿದ ಹಾಗಿದೆ. ಚಿತ್ರೀಕರಣಕ್ಕೆ ಮೊದಲು ಇದನ್ನೆಲ್ಲ ಸರಿ ಮಾಡಿಕೊಳ್ಳಬೇಕು. ದಾರಿ ತೋರಿಸಿ.

ಕಲ್ಲುಗುಂಡು:
ಮೊದಲು ಜಾರೋದರ ವಿಷಯ. ಎರರ್ 2.8 ಅಂದ್ರೆ ತಪ್ಪು ಬ್ಲೆಂಡರ್‌ನಲ್ಲಿ ಆಗಿದ್ದಲ್ಲ, ಫೋನಿನಲ್ಲೇ ಆಗಿದೆ. ಫೋನಿನ ಎಲೆಕ್ಟ್ರಾನಿಕ್ ಸ್ಟೆಬಿಲೈಸೇಶನ್ ಪ್ರತಿ ಫ್ರೇಮನ್ನೂ ಬೇರೆ ಬೇರೆ ಥರ ಕತ್ತರಿಸಿ ಎಳೆಯುತ್ತೆ. ಒಂದೊಂದು ಫ್ರೇಮಿಗೆ ಒಂದೊಂದು ಲೆನ್ಸ್ ಇದ್ದ ಹಾಗೆ, ಸಾಲ್ವರ್ ಏನು ಮಾಡೀತು? ಅದನ್ನ ಪೂರ್ತಿ ಆಫ್ ಮಾಡಿ. ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಫೋಕಸ್ ಆಚೀಚೆ ಆದ್ರೆ ಫೋಕಲ್ ಲೆಂಗ್ತ್ ಕೂಡ ಸ್ವಲ್ಪ ಬದಲಾಗುತ್ತೆ.

ಫೋನುಗಳು ಫ್ರೇಮ್ ರೇಟನ್ನು ಒಂದೇ ಸಮ ಇಟ್ಟುಕೊಳ್ಳಲ್ಲ. ವಿಡಿಯೋನ ನೇರ ಹಾಕಬೇಡಿ, ಕಟ್ಟುನಿಟ್ಟಾಗಿ 24ಕ್ಕೆ ಬದಲಿಸಿ, ಪಿಎನ್‌ಜಿ ಚಿತ್ರಗಳ ಸರಣಿ ಮಾಡಿಕೊಂಡು ಹಾಕಿ. ಸೆನ್ಸರ್ 36 ಮಿ.ಮೀ., ಫೋಕಲ್ ಲೆಂಗ್ತ್ ಫೋನಿನ ವಿವರದಲ್ಲಿ ಕೊಟ್ಟಿರೋ 35 ಮಿ.ಮೀ. ಸಮಾನ ಅಂಕಿ ಹಾಕಿ ಶುರು ಮಾಡಿ. ವಿಡಿಯೋ ತೆಗೆಯುವಾಗ ಅಂಚು ಕತ್ತರಿಸಿರುತ್ತೆ, ಅದಕ್ಕೇ ರಿಫೈನ್‌ನಲ್ಲಿ (ಬ್ಲೆಂಡರ್ ತಾನೇ ಅಂಕಿ ತಿದ್ದಿಕೊಳ್ಳೋ ಆಯ್ಕೆ) ಫೋಕಲ್ ಲೆಂಗ್ತ್ ಮತ್ತು ರೇಡಿಯಲ್ ಡಿಸ್ಟಾರ್ಶನ್ (ಲೆನ್ಸ್‌ನಿಂದ ಗೆರೆಗಳು ಬಾಗೋದು) ಟಿಕ್ ಮಾಡಿ. ಲೆಕ್ಕಕ್ಕೆ ಆಧಾರವಾಗೋ ಎರಡು ಕೀಫ್ರೇಮ್‌ಗಳ ನಡುವೆ ಕನಿಷ್ಠ 8 ಟ್ರ್ಯಾಕ್ (ಫ್ರೇಮಿಂದ ಫ್ರೇಮಿಗೆ ಹಿಂಬಾಲಿಸೋ ಬಿಂದು) ಕಡಿಯದೆ ಇರಬೇಕು, ನಾನು ಹೇಳೋದಾದ್ರೆ 25 ಇರಲಿ. ಎರರ್ 0.5 ಒಳಗೆ ಬಂದ್ರೆ ನೆಮ್ಮದಿ.

ಅಂತರಗಂಗೆಯಲ್ಲಿ ಮೋಸ ಹೋಗೋ ಜಾಗ ಒಂದಿದೆ. ಹತ್ತಿರದ ಗುಂಡಿನ ಅಂಚು, ಹಿಂದಿನ ಬೆಟ್ಟದ ಅಂಚು ಎರಡೂ ಪರದೆ ಮೇಲೆ ಕೂಡೋ ಕಡೆ ಒಳ್ಳೆ ಮೂಲೆ ಕಾಣುತ್ತೆ. ಟ್ರ್ಯಾಕರ್ ಅದನ್ನ ಗಟ್ಟಿಯಾಗಿ ಹಿಡಿಯುತ್ತೆ. ಆದ್ರೆ ಅಂಥ ಬಿಂದು ನೆಲದ ಮೇಲೆ ಎಲ್ಲೂ ಇಲ್ಲ, ಕ್ಯಾಮೆರಾ ಸರಿದ ಹಾಗೆ ಅದೂ ಸರಿಯುತ್ತೆ. ಒಂದೇ ಬಂಡೆಯ ಮೈಮೇಲಿರೋ ಕಲೆ, ಬಿರುಕು, ಕಲ್ಲುಹೂವಿನ ಮಚ್ಚೆ ಹಿಡೀರಿ. ಒಣಹುಲ್ಲು, ಮೋಡ ಬೇಡವೇ ಬೇಡ. ಬಂಡೆ ಮೇಲೆ ಸರಿಯಾಗಿ 2 ಮೀಟರ್ ಅಂತರದಲ್ಲಿ ಎರಡು ಬಿಳಿ ಟೇಪ್ ಚೂರು ಅಂಟಿಸಿ, ಸೆಟ್ ಸ್ಕೇಲ್‌ಗೆ (ಬ್ಲೆಂಡರ್‌ಗೆ ನಿಜವಾದ ಅಳತೆ ಹೇಳೋ ಆಯ್ಕೆ) ಅದೇ ಆಧಾರ. ಅಳತೆ ತಪ್ಪಿದ್ರೆ ಮುಂದೆ ನೆರಳು, ಹೊಗೆ ಎಲ್ಲ ತಪ್ಪುತ್ತೆ.

ಪಂಜ ಊರೋ ಬಂಡೆಯನ್ನು ಬರೀ ಚಪ್ಪಟೆ ಪ್ಲೇನ್ ಅಂತ ಇಟ್ಟರೆ ಟ್ರ್ಯಾಕ್ ಸರಿ ಇದ್ದರೂ ಜಾರಿದ ಹಾಗೇ ಕಾಣುತ್ತೆ. ಬಂಡೆ ಸುತ್ತ ಒಂದು ಫೋಟೋಗೂ ಇನ್ನೊಂದಕ್ಕೂ 70% ಹೊಂದೋ ಹಾಗೆ 60-80 ಫೋಟೋ ತೆಗೆದು ಮೆಶ್‌ರೂಮ್‌ನಲ್ಲಿ (ಫೋಟೋಗಳಿಂದ 3ಡಿ ಆಕಾರ ಮಾಡೋ ಸಾಫ್ಟ್‌ವೇರ್) ಆಕಾರ ಮಾಡಿಕೊಳ್ಳಿ. ಆ ಆಕಾರಕ್ಕೇ ಶ್ಯಾಡೋ ಕ್ಯಾಚರ್ (ತಾನು ಕಾಣದೆ ನೆರಳನ್ನಷ್ಟೇ ಹಿಡಿಯೋ ಸೆಟ್ಟಿಂಗ್) ಹಾಕಿ.

ನಂದಿಗಾಳಿ (ಚಿಕ್ಕಬಳ್ಳಾಪುರ):
ಗಾತ್ರ ಮತ್ತು ಬೆಂಕಿ ಬಗ್ಗೆ ನಾನು ಹೇಳ್ತೀನಿ.

12 ಫ್ರೇಮ್‌ಗೆ ಒಂದು ಬಡಿತ ಅಂದ್ರೆ ಸೆಕೆಂಡಿಗೆ ಎರಡು. ಅದು ಹದ್ದಿನ ವೇಗ. ಪ್ರಾಣಿ ದೊಡ್ಡದಾದಷ್ಟೂ ಬಡಿತ ನಿಧಾನ. ನಿಮ್ಮದಕ್ಕೆ 36 ಫ್ರೇಮ್ ಕೊಡಿ: ಕೆಳಗೆ ಒತ್ತೋಕೆ 21, ಮಡಚಿ ಮೇಲೆ ಎತ್ತೋಕೆ 15. ಕೆಳಗೆ ಒತ್ತುವಾಗ ಮೈ ಮೇಲೇಳಬೇಕು, ಎತ್ತುವಾಗ ಕುಸಿಯಬೇಕು. ಮೈ ಒಂದೇ ಎತ್ತರದಲ್ಲಿ ನಿಂತು ರೆಕ್ಕೆ ಮಾತ್ರ ಆಡಿದ್ರೆ ದಾರಕ್ಕೆ ಕಟ್ಟಿದ ಹಾಗಿರುತ್ತೆ. ಎರಡು ಬಡಿತ ಆದ ಮೇಲೆ ತೇಲಲಿ.

ಇನ್ನೊಂದು: ಬಿಸಿಲಲ್ಲಿ ಫೋನು ಶಟರನ್ನ 1/2000ಕ್ಕೆ ಒಯ್ದಿರುತ್ತೆ, ಬಂಡೆ, ಮನುಷ್ಯರು ಎಲ್ಲ ಚೂಪಾಗಿ ನಿಂತಿರ್ತಾರೆ. ಬ್ಲೆಂಡರ್ ಮೋಶನ್ ಬ್ಲರ್ 0.5 (ಅರ್ಧ ಫ್ರೇಮ್ ಹೊತ್ತು ಶಟರ್ ತೆರೆದ ಹಾಗೆ) ಇಟ್ಟರೆ ಡ್ರ್ಯಾಗನ್ ಮಾತ್ರ ಮಸುಕು. ಎನ್‌ಡಿ ಫಿಲ್ಟರ್ (ಬೆಳಕು ಕಡಿಮೆ ಮಾಡೋ ಕಪ್ಪು ಗಾಜು) ಹಾಕಿ 1/50ರಲ್ಲಿ ತೆಗೆಯಿರಿ, ಆಗ ಎರಡೂ ಹೊಂದುತ್ತೆ.

ನಡುಮಧ್ಯಾಹ್ನ ಬಿಡಿ. ಏಪ್ರಿಲ್ ಕೊನೆಗೆ ನಮ್ಮ ಕಡೆ ಸೂರ್ಯ ನೆತ್ತಿ ಮೇಲೇ ಇರ್ತಾನೆ, ಆ ಬೆಳಕಲ್ಲಿ ಬೆಂಕಿಗೆ ಬಣ್ಣವೇ ಇರಲ್ಲ. ಸಂಜೆ ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷ ಬೆಂಕಿ ಶಾಟ್‌ಗೆ ಮೀಸಲಿಡಿ. ಅದಕ್ಕೂ ಮುಖ್ಯ, ಬೆಂಕಿ ತನ್ನ ಸುತ್ತಲಿನದನ್ನ ಬೆಳಗಬೇಕು. ಕಿತ್ತಳೆ ಬಣ್ಣದ ಎಲ್‌ಇಡಿ ಪ್ಯಾನಲ್ ಎರಡನ್ನು ನಟರ ಮುಂದೆ, ಕ್ಯಾಮೆರಾಗೆ ಕಾಣದ ಹಾಗೆ ಇಟ್ಟು, ಬೆಂಕಿ ಬರೋ ಕ್ಷಣಕ್ಕೆ ಒಬ್ಬರು ಮಿಣುಕಿಸಲಿ. ಕೆನ್ನೆ ಮೇಲೆ, ಹಿಂದಿನ ಬಂಡೆ ಮೇಲೆ ಬಿದ್ದ ಆ ಬೆಳಕನ್ನ ಆಮೇಲೆ ಕಂಪ್ಯೂಟರ್‌ನಲ್ಲಿ ಹುಟ್ಟಿಸೋದು ತುಂಬಾ ಕಷ್ಟ. ಅಂಟಿಸಿದ ಹಾಗೆ ಕಾಣೋಕೆ ಇದೇ ಮೂಲ ಕಾರಣ.

ಬೆಂಕಿಯ ಆಕಾರಕ್ಕೆ 2002ರ ‘ರೀನ್ ಆಫ್ ಫೈರ್’ ನೋಡಿ. ಅದರಲ್ಲಿ ಬಾಯಿಯೊಳಗಿನ ಎರಡು ಗ್ರಂಥಿಯಿಂದ ಎರಡು ದ್ರವ ಚಿಮ್ಮಿ, ಗಾಳಿಯಲ್ಲಿ ಕೂಡಿದಾಗ ಹೊತ್ತಿಕೊಳ್ಳುತ್ತೆ. ಬೊಂಬಾರ್ಡಿಯರ್ ಜೀರುಂಡೆ ಇಂಥದ್ದನ್ನೇ ನಿಜವಾಗಿ ಮಾಡುತ್ತೆ, ಎರಡು ರಾಸಾಯನಿಕ ಬೆರೆತು ಸುಮಾರು 100 ಡಿಗ್ರಿಯ ದ್ರವ ಸಿಡಿಯುತ್ತೆ. ನೀವೂ ಬಾಯಿಂದ ಎರಡು ಅಡಿ ದೂರ ಬರೀ ದ್ರವ ಬಿಡಿ, ಅಲ್ಲಿಂದಾಚೆ ಜ್ವಾಲೆ. ಮ್ಯಾಂಟಾಫ್ಲೋನಲ್ಲಿ (ಬ್ಲೆಂಡರ್‌ನಲ್ಲಿ ಬೆಂಕಿ, ಹೊಗೆ ಮಾಡೋ ಭಾಗ) ಡೊಮೇನ್, ಅಂದ್ರೆ ಬೆಂಕಿ ಹರಡೋ ಪೆಟ್ಟಿಗೆ, ನಿಜವಾದ ಮೀಟರ್ ಅಳತೆಯಲ್ಲಿರಲಿ, ಪರೀಕ್ಷೆಗೆ ರೆಸಲ್ಯೂಶನ್ 96, ಕೊನೆಗೆ 256. ಟೈಮ್ ಸ್ಕೇಲ್ 0.6 ಮಾಡಿ ನೋಡಿ, ಜ್ವಾಲೆ ನಿಧಾನ ಆದ್ರೆ ದೊಡ್ಡದಾಗಿ ಕಾಣುತ್ತೆ. ಸೆಟ್ಟಿಂಗ್ ಬದಲಿಸಿದಾಗ ಹಳೇ ಕ್ಯಾಶ್ (ಉಳಿಸಿಟ್ಟ ಲೆಕ್ಕ) ಅಳಿಸಿ ಮತ್ತೆ ಬೇಕ್ ಮಾಡಿ, ಅಂದ್ರೆ ಹೊಸದಾಗಿ ಲೆಕ್ಕ ಹಾಕಿಸಿ.

ನೆರಳಿನ ಅಂಚು ಮರೀಬೇಡಿ. ಸೂರ್ಯನ ಬಿಂಬ ಸುಮಾರು ಅರ್ಧ ಡಿಗ್ರಿ ಅಗಲ. 40 ಮೀಟರ್ ಎತ್ತರದಲ್ಲಿ ಹಾರೋದರ ನೆರಳಿನ ಅಂಚು ನೆಲದ ಮೇಲೆ 37 ಸೆಂ.ಮೀ. ಮಸುಕಾಗಿರಬೇಕು. ಬ್ಲೆಂಡರ್‌ನ ಸನ್ ಲ್ಯಾಂಪಿನ ಕೋನ 0.53 ಡಿಗ್ರಿ ಇದ್ದರೆ ತಾನಾಗೇ ಬರುತ್ತೆ, ಸೊನ್ನೆ ಮಾಡಬೇಡಿ. 300 ಮೀಟರ್ ದೂರದ ಬೆಟ್ಟದಲ್ಲಿ ಅತಿ ಕಪ್ಪು ಜಾಗದ ಬಣ್ಣ ಎಷ್ಟಿದೆ ಅಳೆದು, ಅಷ್ಟೇ ದೂರದ ಡ್ರ್ಯಾಗನ್ನಿನ ಕಪ್ಪನ್ನೂ ಅಲ್ಲಿಗೆ ಏರಿಸಿ.

ಶತಶೃಂಗ:
ಇಬ್ಬರಿಗೂ ತುಂಬಾ ಧನ್ಯವಾದ. ಫೋನಿನಲ್ಲಿ ಸ್ಟೆಬಿಲೈಸೇಶನ್ ಆನ್ ಇತ್ತು. ಇನ್ನೊಂದು ಪ್ರಶ್ನೆ: ಡ್ರ್ಯಾಗನ್ ಗಣಿಯಿಂದ ಏಳೋ ದೃಶ್ಯಕ್ಕೆ ಕೆಜಿಎಫ್ ಸೈನೈಡ್ ದಿಬ್ಬಗಳ ಮೇಲೆ ಶೂಟ್ ಮಾಡಿದ್ರೆ ಹೇಗೆ? ಆ ಬೋಳು ಬಿಳಿ ನೆಲ ಬೇರೆಲ್ಲೂ ಸಿಗಲ್ಲ. ರೆಕ್ಕೆ ಗಾಳಿಗೆ ನಿಜವಾದ ಧೂಳನ್ನೇ ಎಬ್ಬಿಸೋ ಯೋಚನೆ ಇದೆ.

ದೋಟಿ 25 (ತುಮಕೂರು):
ಅಣ್ಣ, ಆ ದಿಬ್ಬದ ಮೇಲೆ ಧೂಳು ಎಬ್ಬಿಸಬೇಡಿ. ಅದು ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ. ಕಲ್ಲನ್ನ ಹಿಟ್ಟಿನ ಹಾಗೆ ಅರೆದದ್ದು, ಸಿಲಿಕಾ ಇದೆ, ಸೈನೈಡ್ ಬಳಸಿ ಸಂಸ್ಕರಿಸಿದ್ದು. ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರಲ್ಲ. ದೂರದಿಂದ ಅನುಮತಿ ಇರೋ ಜಾಗದಲ್ಲಿ ನಿಂತು ಹಿನ್ನೆಲೆ ತೆಗೆದುಕೊಳ್ಳಿ, ನಟರನ್ನ ಬೇರೆ ಕಡೆ ತೆಗೆದು ಸೇರಿಸಿ. ಒಣಗಿದ ಕೆರೆ ಅಂಗಳ ಚೆನ್ನಾಗಿ ಹೊಂದುತ್ತೆ, ಆದ್ರೆ 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬಂದು ಕೋಲಾರದ ಎಷ್ಟೋ ಕೆರೆ ತುಂಬಿವೆ, ಮೊದಲೇ ಹೋಗಿ ನೋಡಿ. ಪಾಳುಬಿದ್ದ ಕಲ್ಲು ಕ್ವಾರಿ ಬೇಡ, ನೀರು ನಿಂತಿದ್ರೆ ಆಳ ಗೊತ್ತಾಗಲ್ಲ.

ಧೂಳಿಗೆ ಜರಡಿ ಹಿಡಿದ ಮುಲ್ತಾನಿ ಮಿಟ್ಟಿ, ಒಂದು ಶಾಟ್‌ಗೆ ಎರಡು ಕೆಜಿ ಸಾಕು, ಎಲ್ಲರಿಗೂ ಮಾಸ್ಕ್. ಮೈದಾ, ರಾಗಿ ಹಿಟ್ಟು ಹಾರಿಸೋ ಯೋಚನೆ ಬೇಡ: ಗಾಳಿಯಲ್ಲಿ ತೇಲೋ ಹಿಟ್ಟಿಗೆ ಕಿಡಿ ತಾಗಿದ್ರೆ ಸಿಡಿಯುತ್ತೆ. ಉದುರೋ ಬೂದಿಗೆ ಒಲೆ ಬೂದಿಯೂ ಬೇಡ, ಅದು ಕ್ಷಾರ, ಕಣ್ಣು ಉರಿಯುತ್ತೆ. ನ್ಯೂಸ್‌ಪೇಪರನ್ನ ಸಣ್ಣಗೆ ಹರಿದು ಮೇಲಿಂದ ಬಿಡಿ. ಗಾಳಿಗೆ ಲೀಫ್ ಬ್ಲೋವರ್ ಬಾಡಿಗೆಗೆ ತನ್ನಿ. ಮಾವಿನ ತೋಟಕ್ಕೆ ಔಷಧಿ ಹೊಡೆಯೋ ಬ್ಲೋವರ್ ಸುಲಭವಾಗಿ ಸಿಗುತ್ತೆ ಅಂತ ತರಬೇಡಿ, ಎಷ್ಟು ತೊಳೆದರೂ ಪೈಪಿನಲ್ಲಿ ಔಷಧಿ ಉಳಿದಿರುತ್ತೆ, ಅದು ನಟರ ಮುಖಕ್ಕೇ ಹೊಡೆಯುತ್ತೆ.

ಒಂಬತ್ತು ಜನರ ಕಣ್ಣು ಒಂದೇ ಕಡೆ ಇರಬೇಕಲ್ಲ, ಅದಕ್ಕೆ ತೆಂಗಿನಕಾಯಿ ಕೀಳೋ ದೋಟಿ ತುದಿಗೆ ಕೆಂಪು ಬಟ್ಟೆ ಕಟ್ಟಿ. 25 ಅಡಿ ಎತ್ತರದಲ್ಲಿ ಡ್ರ್ಯಾಗನ್ ತಲೆ ಸರಿಯೋ ವೇಗದಲ್ಲೇ ಒಬ್ಬರು ಅದನ್ನ ನಡೆಸಲಿ. ಸುತ್ತ ಕರೆಂಟ್ ತಂತಿ ಇದೆಯಾ ನೋಡಿಕೊಳ್ಳಿ, ಅಲ್ಯೂಮಿನಿಯಂ ದೋಟಿ ಬೇಡ. ನಿಜವಾದ ಬೆಂಕಿ, ಪಂಜು ಬೆಟ್ಟದ ಮೇಲೆ ಹತ್ತಿಸಬೇಡಿ, ಫೆಬ್ರವರಿಯಿಂದ ಮೇವರೆಗೆ ಆ ಹುಲ್ಲಿಗೆ ಒಂದು ಕಿಡಿ ಸಾಕು. ಅರಣ್ಯ ಇಲಾಖೆ ಅನುಮತಿ ಕೈಯಲ್ಲಿ ಇಟ್ಟುಕೊಂಡೇ ಹೋಗಿ.

ಕಲ್ಲುಗುಂಡು:
ಶಬ್ದದ್ದು ಒಂದು ಮಾತು ಬಿಟ್ಟುಹೋಗಿತ್ತು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಡ್ರ್ಯಾಗನ್ ಅಷ್ಟು ದೂರದಲ್ಲಿ ಬಾಯಿ ತೆರೆದ್ರೆ ಘರ್ಜನೆಯನ್ನ 24 ಫ್ರೇಮ್ ತಡವಾಗಿ ಇಡಿ, ದೂರ ಕಿವಿಗೇ ಗೊತ್ತಾಗುತ್ತೆ. ರೆಕ್ಕೆಗೆ ದಪ್ಪ ಟಾರ್ಪಾಲನ್ನ ಇಬ್ಬರು ಹಿಡಿದು ಒದರಿ ರೆಕಾರ್ಡ್ ಮಾಡಿ, ಅರ್ಧ ವೇಗಕ್ಕೆ ಇಳಿಸಿ. ಟಾರ್ಪಾಲ್ ಹಳೇದಿದ್ರೆ ಒಳ್ಳೇದು, ಹೊಸದು ಚರಚರ ಅನ್ನುತ್ತೆ.