ಡಬ್ಲಿನ್ ಕಸ್ಟಮ್ ಹೌಸ್ ಗುಮ್ಮಟದ ಕೆಳಗಿನ ಕಲ್ಲು ಯಾಕೆ ಕಪ್ಪಗಿದೆ?

ಪಿಜೆ ಬಡಾವಣೆ ಹುಡುಗಿ:
ಎಲ್ರಿಗೂ ನಮಸ್ಕಾರ, ನಾನು ದಾವಣಗೆರೆಲಿ ಆರ್ಕಿಟೆಕ್ಚರ್ ಓದ್ತಿದೀನಿ, ಸೆಮಿನಾರ್‌ಗೆ ಹಳೇ ಸರ್ಕಾರಿ ಕಟ್ಟಡ ಒಂದು ತಗೋಬೇಕು, ನಮ್ಮಕ್ಕ ಐರ್ಲೆಂಡಲ್ಲಿ ಇರೋದಕ್ಕೆ ಡಬ್ಲಿನ್ ಕಸ್ಟಮ್ ಹೌಸ್ (ಹಿಂದಿನ ಸುಂಕದ ಆಫೀಸು) ಫೋಟೋ ತರಿಸ್ಕೊಂಡೆ. ಲಿಫಿ ನದಿ ದಂಡೆಗೆ ಉದ್ದಕ್ಕೂ ಬೆಳ್ಳಗಿನ ಕಟ್ಟಡ, ಆದ್ರೆ ಗುಮ್ಮಟ ಹೊತ್ತಿರೋ ಕಂಬಗಳ ಸುತ್ತು ಮಾತ್ರ ಬೂದು ಬಣ್ಣ. ಹೊಗೆ ಮಸಿನಾ, ಇಲ್ಲಾ ಮೊದ್ಲೇ ಹಂಗೆ ಕಟ್ಟಿದ್ರಾ?

ದುರ್ಗದವನು:
ಮಸಿ ಅಲ್ಲಮ್ಮ, ಕಲ್ಲೇ ಬೇರೆ. ಜೇಮ್ಸ್ ಗ್ಯಾಂಡನ್ ಅನ್ನೋ ಆರ್ಕಿಟೆಕ್ಟ್ 1781ರಲ್ಲಿ ಶುರು ಮಾಡಿ 1791ಕ್ಕೆ ಮುಗಿಸಿದ್ದು, ಎದುರುಗಡೆಗೆ ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ಕಲ್ಲು ಹಾಕಿದ್ರು, ಅದು ಬಿಳಿ ಸುಣ್ಣಕಲ್ಲು. 1921ರ ಮೇ 25ಕ್ಕೆ ಐರ್ಲೆಂಡ್ ಸ್ವಾತಂತ್ರ್ಯ ಯುದ್ಧದ ಟೈಮಲ್ಲಿ ಐಆರ್‌ಎ (ಬ್ರಿಟಿಷರ ವಿರುದ್ಧ ಹೋರಾಡ್ತಿದ್ದ ಐರಿಶ್ ರಿಪಬ್ಲಿಕನ್ ಆರ್ಮಿ) ಅವ್ರು ಒಳಗೆ ನುಗ್ಗಿ ಬೆಂಕಿ ಇಟ್ರು, ದಿನಗಟ್ಟಲೆ ಉರೀತು, ಗುಮ್ಮಟ ಹೋಯ್ತು. ಸ್ವತಂತ್ರ ಆದ್ಮೇಲೆ ರಿಪೇರಿಗೆ ತಮ್ಮದೇ ಮೀತ್ ಕೌಂಟಿಯ ಆರ್ಡ್‌ಬ್ರಾಕನ್ ಕಲ್ಲು ತಂದ್ರು, ಅದೂ ಸುಣ್ಣಕಲ್ಲೇ, ಬಣ್ಣ ಕಪ್ಪು.

ಹೊಳಲ್ಕೆರೆ ರೋಡ್:
ಅದೇ ಬಿಳಿ ಕಲ್ಲು ತರಿಸಬೇಕಿತ್ತು ಅನ್ನೋದು ನನ್ ಅಭಿಪ್ರಾಯ. ಗ್ಯಾಂಡನ್ ಅಷ್ಟು ಕಷ್ಟಪಟ್ಟು ಕಟ್ಟಿದ್ದು, ಹಳೇ ಕಸ್ಟಮ್ ಹೌಸ್ ಹೊಳೆಗೆ ಇನ್ನೂ ಮೇಲಕ್ಕಿತ್ತು, ಅದರ ಸುತ್ತ ಅಂಗಡಿ ಹಾಕ್ಕೊಂಡಿದ್ದ ವ್ಯಾಪಾರಸ್ಥರು ಹೊಸದು ಕೆಳಕ್ಕೆ ಹೋದ್ರೆ ನಮ್ ಗತಿ ಏನು ಅಂತ ಗಲಾಟೆ ಮಾಡಿದ್ರು, ಜನ ಸೈಟಿಗೇ ನುಗ್ಗಿದ್ರು, ಗ್ಯಾಂಡನ್ ಕತ್ತಿ ಇಟ್ಕೊಂಡೇ ಕೆಲಸಕ್ಕೆ ಬರ್ತಿದ್ದ ಅಂತಾರೆ. ಜಾಗ ಬೇರೆ ಜೌಗು, ಮರದ ದಿಮ್ಮಿ ಅಡ್ಡ ಉದ್ದ ಜೋಡಿಸಿ ಅದರ ಮೇಲೆ ಪಾಯ ಎಬ್ಬಿಸಿದ್ದು.

ದುರ್ಗದವನು:
ನಾನು ಒಪ್ಪಲ್ಲ ಸರ್. ಸುಟ್ಟ ಜಾಗಕ್ಕೆ ಅದೇ ಬಣ್ಣದ ಕಲ್ಲು ಕೂರಿಸಿದ್ರೆ ಈ ಹುಡುಗಿ ಇವತ್ತು ಈ ಪ್ರಶ್ನೆನೇ ಕೇಳ್ತಿರ್ಲಿಲ್ಲ. ಆಗಷ್ಟೇ ಬ್ರಿಟಿಷರಿಂದ ಬಿಡಿಸ್ಕೊಂಡ ದೇಶ, ತನ್ನ ಕಲ್ಲನ್ನೇ ಬಳಸಿದ್ದು ಸರಿಯಾಗೇ ಇದೆ.

ಪಿಜೆ ಬಡಾವಣೆ ಹುಡುಗಿ:
ಸುಂಕದ ಆಫೀಸಿಗೆ ಬೆಂಕಿ ಇಟ್ಟು ಏನ್ ಪ್ರಯೋಜನ?

ಕಡತದಮನೆ:
ಅಷ್ಟೊತ್ತಿಗೆ ಅಲ್ಲಿ ಸ್ಥಳೀಯ ಆಡಳಿತ, ತೆರಿಗೆ ಕಡತಗಳೇ ತುಂಬಿದ್ವು. ಅವು ಸುಟ್ರೆ ಬ್ರಿಟಿಷರ ಆಡಳಿತದ ಕೈಕಾಲೇ ಕಟ್ಟಿಹಾಕಿದ ಹಾಗೆ ಅಂತ ಅವರ ಲೆಕ್ಕ. ಐಆರ್‌ಎ ಕಡೆ ಐದು ಜನ ಸತ್ರು, ಎಷ್ಟೋ ಜನ ಅರೆಸ್ಟ್ ಆದ್ರು. ಅದೇನೇ ಇರ್ಲಿ, ಹಳೇ ದಾಖಲೆ ಹುಡುಕೋ ನನ್ನಂಥವನಿಗೆ ಕಲ್ಲಿನ ಬಣ್ಣಕ್ಕಿಂತ ಆ ಕಾಗದ ಹೋಗಿದ್ದೇ ದೊಡ್ಡ ಸಂಕಟ, ಕಲ್ಲು ಮತ್ತೆ ಕೆತ್ತಬಹುದು. ಸೆಮಿನಾರಲ್ಲಿ ಇದಕ್ಕೂ ಒಂದ್ ಸ್ಲೈಡ್ ಇಡಮ್ಮ.

ಮತ್ತೆ ಬಾಗಿಲು ಕಿಟಕಿ ಕಮಾನುಗಳ ನೆತ್ತಿ ಕಲ್ಲು ನೋಡು, ಎಡ್ವರ್ಡ್ ಸ್ಮೈತ್ ಕೆತ್ತಿದ 14 ಮುಖ ಇವೆ, 13 ಐರ್ಲೆಂಡಿನ ನದಿಗಳು, ಒಂದು ಅಟ್ಲಾಂಟಿಕ್ ಸಾಗರ. ಉಳಿದವೆಲ್ಲಾ ಗಂಡಸರು, ಲಿಫಿ ಒಬ್ಬಳೇ ಹೆಣ್ಣು. ನಿಮ್ಮಕ್ಕನಿಗೆ ಹೇಳಿ ಜೂಮ್ ಮಾಡಿ ಒಂದೊಂದೇ ಫೋಟೋ ತೆಗೆಸು, ಈಗ ಒಳಗೆ ವಿಸಿಟರ್ ಸೆಂಟರೂ ಇದೆ.