ಲೆಕ್ಕದ ಮೇಡಂಗೆ ಕೇಳಿ: ಐವತ್ತರ ಆಸುಪಾಸಿನ ದುಡ್ಡಿನ ಗಂಟು, ಮೊಣಕಾಲು, ಬಿಪಿ

ಎಲ್ಲರಿಗೂ ನಮಸ್ಕಾರ. ನಾನು ಹಣಕಾಸು ಸಲಹೆಗಾರ್ತಿ. 45 ದಾಟಿದವರ ಉಳಿತಾಯ, ಸಾಲ, ವಿಮೆ ಎಲ್ಲ ನೋಡಿ ಮುಂದೇನು ಅಂತ ಹೇಳುವುದು ನನ್ನ ಕೆಲಸ. ಯಾವ ಕಂಪನಿಯ ಸ್ಕೀಮನ್ನೂ ಮಾರುವುದಿಲ್ಲ. ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧ ಆರೋಗ್ಯದವು. ಹಾಗಾಗಿ ಗುಂಪಿನಲ್ಲೇ ಇರುವ ಡಾಕ್ಟರನ್ನೂ ಎಳೆದು ತಂದಿದ್ದೇನೆ. ಖಾತೆ ನಂಬರು, ಲ್ಯಾಬ್ ರಿಪೋರ್ಟಿನ ಫೋಟೊ ಇಲ್ಲಿ ಹಾಕಬೇಡಿ, ದಯವಿಟ್ಟು.

ಪ್ರಶ್ನೆ: ಮೇಡಂ, ನನಗೆ 54. ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ ನಿವೃತ್ತಿಗೆ ಸಾಕು ಅಂತಾರೆ. ನನ್ನದು 22 ಪಟ್ಟು ಆಗಿದೆ. ಇನ್ನೆರಡು ವರ್ಷ ದುಡಿದು ಕೆಲಸ ಬಿಡಬಹುದಾ?

ಉತ್ತರ: ಸರ್, 22 ಪಟ್ಟು ಕೂಡಿಸಿದ್ದೀರಲ್ಲ, ಅದೇ ದೊಡ್ಡ ಮಾತು. ಆದರೆ ಆ 25 ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ. ಅಮೆರಿಕದ ವಿಲಿಯಂ ಬೆಂಗೆನ್ ಎಂಬ ಸಲಹೆಗಾರರು 1994ರಲ್ಲಿ ಹಾಕಿದ ಲೆಕ್ಕ ಅದು. ಮೊದಲ ವರ್ಷ ಗಂಟಿನ 4% ತೆಗೆದು, ಆಮೇಲೆ ಬೆಲೆ ಏರಿದ ಹಾಗೆ ಆ ಮೊತ್ತವನ್ನೂ ಏರಿಸುತ್ತಾ ಹೋದರೆ ದುಡ್ಡು 30 ವರ್ಷ ಬಾಳುತ್ತದೆ ಅಂತ ಅವರು ಕಂಡುಕೊಂಡರು. ಅದೂ ಅಲ್ಲಿನ ಷೇರು, ಬಾಂಡುಗಳ ಹಳೆಯ ಅಂಕಿ ಹಿಡಿದು. ನೂರನ್ನು ನಾಲ್ಕರಿಂದ ಭಾಗಿಸಿದರೆ 25, ಅಷ್ಟೇ. ನೀವು 56ಕ್ಕೆ ಬಿಟ್ಟರೆ ಆ 30 ವರ್ಷ 86ಕ್ಕೆ ಮುಗಿಯುತ್ತದೆ. ನಿಮ್ಮ ಮನೆಯವರು ನಿಮಗಿಂತ ಚಿಕ್ಕವರಾಗಿದ್ದರೆ ಅವರ ಲೆಕ್ಕ ಇನ್ನೂ ಉದ್ದ.

ಇನ್ನೊಂದು ವಿಷಯ. ನನ್ನ ಮುಂದೆ ಕೂತವರಿಗೆ ನಾನು ಮೊದಲು ಸಂಬಳ ಕೇಳುವುದಿಲ್ಲ. “ಕೈ ಊರದೆ ಆ ಕುರ್ಚಿಯಿಂದ ಒಂದು ಸಲ ಎದ್ದೇಳಿ ನೋಡೋಣ” ಅಂತೀನಿ. ಕೆಲವರು ನಗುತ್ತಾರೆ. ಕೆಲವರು ಮೊಣಕಾಲಿನ ಮೇಲೆ ಕೈಯಿಟ್ಟು, ಮುಂದಕ್ಕೆ ಬಾಗಿ, ಒಂದು ಸಲ ತೂಗಿಕೊಂಡು ಏಳುತ್ತಾರೆ. ಅವರ ವಯಸ್ಸು 52 ಅಂತಿಟ್ಟುಕೊಳ್ಳಿ. ಆಗ ನಾನು ಕಾಗದದ ಮೇಲೆ ‘ಆರೈಕೆಯ ಖರ್ಚು’ ಅಂತ ಒಂದು ಸಾಲು ಜಾಸ್ತಿ ಬರೆಯುತ್ತೇನೆ.

ಯಾಕೆ ಗೊತ್ತಾ? ನಿವೃತ್ತಿಯ ಖರ್ಚು ಪ್ರತಿ ವರ್ಷ ಒಂದೇ ಸಮ ಇರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಅದು ಹಾಗಿರುವುದಿಲ್ಲ. ಮೊದಲ ವರ್ಷಗಳಲ್ಲಿ ಓಡಾಟಕ್ಕೆ ಹೋಗುತ್ತದೆ, ನಡುವೆ ಸ್ವಲ್ಪ ಇಳಿಯುತ್ತದೆ. ಕೊನೆಗೆ ಹಾಸಿಗೆಯಿಂದ ಎಬ್ಬಿಸಲು, ಸ್ನಾನ ಮಾಡಿಸಲು ಇನ್ನೊಬ್ಬರು ಬೇಕಾದಾಗ ಏರುತ್ತದೆ ನೋಡಿ, ಅಲ್ಲಿ ಲೆಕ್ಕ ಕೈಕೊಡುತ್ತದೆ. ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆಯ ಬಿಲ್ಲು ಕೊಡುತ್ತದೆ, ಮನೆಯಲ್ಲಿ ದಿನಾ ನೋಡಿಕೊಳ್ಳುವವರ ಸಂಬಳವನ್ನು ಹೆಚ್ಚಾಗಿ ಕೊಡುವುದಿಲ್ಲ. ಆ ವರ್ಷಗಳು ಎಷ್ಟು ತಡವಾಗಿ ಬರುತ್ತವೆ ಅನ್ನುವುದು ಬಹುಮಟ್ಟಿಗೆ ಕಾಲಿನ ಮೇಲೆ ನಿಂತಿದೆ. ಮುಂದಿನದು ಡಾಕ್ಟರ್ ಹೇಳಲಿ.

ಡಾಕ್ಟರ್: ಮೇಡಂ ನನ್ನ ಕೆಲಸ ಕಿತ್ತುಕೊಂಡರು! ಆದರೆ ಹೇಳಿದ್ದು ಸರಿ. 30ರ ನಂತರ ಪ್ರತಿ ಹತ್ತು ವರ್ಷಕ್ಕೆ ಸುಮಾರು 3ರಿಂದ 8% ಸ್ನಾಯು ಕರಗುತ್ತದೆ, 60 ದಾಟಿದ ಮೇಲೆ ಇನ್ನೂ ಬೇಗ. ತೂಕ ಅಷ್ಟೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಸ್ನಾಯು ಹೋದ ಜಾಗಕ್ಕೆ ಕೊಬ್ಬು ಬಂದಿರುತ್ತದೆ.

ಕುರ್ಚಿಯ ಪರೀಕ್ಷೆ ನಾವೂ ಮಾಡುತ್ತೇವೆ. ಕೈಯಿಲ್ಲದ, ಗಟ್ಟಿ ಕುರ್ಚಿ ಬೇಕು. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಳ್ಳಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ, ಎಣಿಸಿ. 60ರಿಂದ 64ರ ವಯಸ್ಸಿನಲ್ಲಿ ಗಂಡಸರಿಗೆ 14ಕ್ಕಿಂತ ಕಡಿಮೆ, ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಮೊಣಕಾಲು ಆಪರೇಷನ್ ಆದವರು, ಎದೆನೋವು ಇರುವವರು ನಿಮ್ಮ ಡಾಕ್ಟರನ್ನು ಕೇಳದೆ ಮಾಡಬೇಡಿ.

ಸದಸ್ಯರೊಬ್ಬರು: ಡಾಕ್ಟ್ರೇ, ದಿನಾ ಒಂದು ಗಂಟೆ ವಾಕಿಂಗ್ ಮಾಡ್ತೀನಿ. ಸಾಲದಾ?

ಡಾಕ್ಟರ್: ಹೃದಯಕ್ಕೆ ಧಾರಾಳವಾಗಿ ಸಾಕು, ಬಿಡಬೇಡಿ. 1953ರಲ್ಲೇ ಲಂಡನ್ ಬಸ್ಸಿನವರ ಮೇಲೆ ಒಂದು ಅಧ್ಯಯನ ಬಂದಿತ್ತು. ದಿನವಿಡೀ ಕೂತೇ ಇರುವ ಡ್ರೈವರುಗಳಿಗಿಂತ, ಎರಡಂತಸ್ತಿನ ಬಸ್ಸಿನಲ್ಲಿ ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಆದರೆ ಸಮತಟ್ಟಾದ ನೆಲದ ನಡಿಗೆ ತೊಡೆಗೆ ಅಷ್ಟೇನೂ ಕೆಲಸ ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇದು: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಓಡಾಟ, ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯುವಿಗೆ ಭಾರ ಕೊಡುವ ವ್ಯಾಯಾಮ. 65 ದಾಟಿದವರಿಗೆ ವಾರಕ್ಕೆ 3 ದಿನ ಸಮತೋಲನದ ಅಭ್ಯಾಸವೂ ಬೇಕು. ಮೊದಲನೆಯದನ್ನು ಎಲ್ಲರೂ ಕೇಳಿರುತ್ತಾರೆ. ಉಳಿದೆರಡನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಪ್ರಶ್ನೆ: ಅಕ್ಕ, ನನಗೆ 61. ಮನೆಯ ಹಣದ ವ್ಯವಹಾರ ಪೂರ್ತಿ ನಮ್ಮ ಯಜಮಾನರದು. ಎಲ್ಲೆಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ. ಕೇಳಿದರೆ “ನಾನಿದ್ದೀನಲ್ಲ” ಅಂತಾರೆ. ಮತ್ತೆ ಮತ್ತೆ ಕೇಳೋಕೆ ಒಂಥರಾ ಆಗುತ್ತೆ.

ಉತ್ತರ: ಒಂಥರಾ ಆಗುವುದು ನನಗೂ ಗೊತ್ತು. ಸಾವಿನ ಮಾತು ಎತ್ತಿದ ಹಾಗೆ ಅನ್ನಿಸುತ್ತದೆ. ಹಾಗಾಗಿ ಸಾವಿನ ಮಾತು ಬೇಡ. “ನೀವು ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿದರೆ ಬಿಲ್ಲು ನಾನು ಹೇಗೆ ಕಟ್ಟಲಿ?” ಅಂತ ಕೇಳಿ. ಇದಕ್ಕೆ “ನಾನಿದ್ದೀನಲ್ಲ” ಅನ್ನುವ ಉತ್ತರ ಹೊಂದುವುದಿಲ್ಲ.

ನಮ್ಮ ಮನೆಯ ಕತೆಯನ್ನೇ ಹೇಳುತ್ತೇನೆ. ನಾನು ಊರಿಗೆಲ್ಲ ಬುದ್ಧಿ ಹೇಳುವವಳು. ನಮ್ಮಪ್ಪ ಒಂದು ರಾತ್ರಿ ಐಸಿಯು ಸೇರಿದರು. ಬ್ಯಾಂಕಿನ ಆ್ಯಪ್ ಅವರ ಫೋನಿನಲ್ಲಿ, ಫೋನು ಅವರ ಹೆಬ್ಬೆರಳಿನಲ್ಲಿ. ಡ್ರಿಪ್ ಹಾಕಿದ ಕೈಯ ಬೆರಳನ್ನು ಒರೆಸಿ ಫೋನಿಗೆ ಒತ್ತುತ್ತಾ ನಿಂತಿದ್ದೆ. ಊದಿಕೊಂಡ ಬೆರಳನ್ನು ಫೋನು ಒಪ್ಪಲಿಲ್ಲ. ವಿಮೆಯ ಕಾಗದ ಯಾವ ಬೀರುವಿನಲ್ಲಿದೆ ಅಂತಲೂ ಅಮ್ಮನಿಗೆ ಗೊತ್ತಿರಲಿಲ್ಲ. ದುಡ್ಡು ಇತ್ತು, ಕೈಗೆ ಬರಲಿಲ್ಲ. ಅಪ್ಪ ಹುಷಾರಾಗಿ ಬಂದ ಮೇಲೆ ಮಾಡಿದ ಮೊದಲ ಕೆಲಸ ಅಂದರೆ ಒಂದು ನೋಟ್‌ಬುಕ್.

ನೀವೂ ಅದನ್ನೇ ಮಾಡಿ. ಒಂದೇ ಸಂಜೆ ಎಲ್ಲ ಕೇಳಬೇಡಿ, ಗಂಡಸರಿಗೆ ಅದು ವಿಚಾರಣೆ ಅನ್ನಿಸುತ್ತದೆ. (ನಮ್ಮಪ್ಪ ಎರಡನೇ ದಿನ ಎದ್ದೇ ಹೋದರು.) ಮೊದಲ ದಿನ ಖಾತೆಗಳು. ಆಮೇಲೊಂದು ದಿನ ವಿಮೆ, ಅದರ ಕಂತಿನ ತಾರೀಖು. ಇನ್ನೊಂದು ದಿನ ಸಾಲ. ಅವರು ಯಾರಿಗಾದರೂ ಜಾಮೀನು ನಿಂತಿದ್ದಾರಾ ಅಂತ ತಪ್ಪದೆ ಕೇಳಿ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಗೊತ್ತಾಗುವುದು ನೋಟಿಸು ಬಂದಾಗಲೇ. ಪಾಸ್‌ವರ್ಡು, ಪಿನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆಯಬೇಡಿ, ಬೇರೆ ಕಡೆ ಭದ್ರವಾಗಿಡಿ. ನಾಮಿನಿ ಯಾರು ಅಂತ ಪ್ರತಿಯೊಂದು ಖಾತೆಯಲ್ಲೂ ಕಣ್ಣಾರೆ ನೋಡಿ. ಮದುವೆಗೆ ಮುಂಚೆ ಬರೆಸಿದ ಹೆಸರು ಹಾಗೆಯೇ ಉಳಿದಿರುತ್ತದೆ. ವಿಲ್ ಬರೆಯುವುದಾದರೆ ಎರಡಕ್ಕೂ ತಾಳೆ ಇರಲಿ.

ಕೊನೆಗೆ ನಿಮ್ಮ ಹೆಸರಿನಲ್ಲೇ ಒಂದು ಖಾತೆ ಇರಲಿ, ಅದರಲ್ಲಿ ಆರು ತಿಂಗಳ ಮನೆಖರ್ಚು ಇರಲಿ. ತಿಂಗಳಿಗೆ ಒಂದು ಬಿಲ್ಲನ್ನಾದರೂ ನೀವೇ ಕಟ್ಟಿ. ರೂಢಿ ಇಲ್ಲದಿದ್ದರೆ ಬೇಕಾದ ದಿನ ಕೈ ನಡುಗುತ್ತದೆ.

ಪ್ರಶ್ನೆ: ಬಿಪಿ ಮಾತ್ರೆ ತಗೊಳ್ತಿದ್ದೆ. ಈಗ ನಾರ್ಮಲ್ ಬಂದಿದೆ ಅಂತ ಎರಡು ತಿಂಗಳಿಂದ ನಿಲ್ಲಿಸಿದ್ದೀನಿ. ಮನೆಯ ಮಿಷಿನ್ ಒಂದೊಂದು ಸಲ ಒಂದೊಂದು ತೋರಿಸುತ್ತೆ. ಅದನ್ನ ನಂಬಬಹುದಾ? ವಯಸ್ಸು 49.

ಡಾಕ್ಟರ್: ನಾರ್ಮಲ್ ಬಂದಿದ್ದೇ ಮಾತ್ರೆಯಿಂದ. ಕೊಡೆ ಹಿಡಿದು ನೆನೆಯಲಿಲ್ಲ ಅಂತ ಮಳೆಯಲ್ಲೇ ಕೊಡೆ ಮಡಿಸಿದ ಹಾಗಾಯಿತು. ಈ ವಾರವೇ ನಿಮ್ಮ ಡಾಕ್ಟರನ್ನು ನೋಡಿ, ನಿಲ್ಲಿಸಿದ್ದನ್ನು ಮುಚ್ಚಿಡಬೇಡಿ.

ಮಿಷಿನ್ ಬಹಳ ಸಲ ಸರಿಯಾಗಿಯೇ ಇರುತ್ತದೆ, ಅಳೆಯುವ ರೀತಿ ತಪ್ಪಿರುತ್ತದೆ. ಮೆಟ್ಟಿಲು ಹತ್ತಿ ಬಂದು, ಟಿವಿ ನೋಡುತ್ತಾ, ಮಾತಾಡುತ್ತಾ ಪಟ್ಟಿ ಸುತ್ತಿಕೊಳ್ಳುತ್ತೀರಿ. ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ಅದಕ್ಕೆ ಅರ್ಧ ಗಂಟೆ ಮುಂಚೆಯಿಂದ ಕಾಫಿ, ಸಿಗರೇಟು ಬೇಡ. ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ 5 ನಿಮಿಷ ಸುಮ್ನೆ ಕೂರಿ. ತೋಳು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿಡಿ, ಪಟ್ಟಿಯನ್ನು ಬರಿಯ ತೋಳಿಗೆ ಸುತ್ತಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಬರೆಯಿರಿ. ಕ್ಲಿನಿಕ್ಕಿನಲ್ಲಿ 140/90 ಜಾಸ್ತಿ ಅಂತ ಹೇಳುತ್ತೇವೆ. ಮನೆಯ ಸರಾಸರಿ 135/85 ದಾಟಿದರೂ ಜಾಸ್ತಿಯೇ. ಒಂದು ದಿನದ ಅಂಕಿಗೆ ಗಾಬರಿ ಬೇಡ, ಒಂದು ವಾರದ್ದನ್ನು ನಿಮ್ಮ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಿವೃತ್ತಿಗೆ ಇನ್ನು 2 ವರ್ಷ. ಉಳಿತಾಯದ ಮುಕ್ಕಾಲು ಭಾಗ ಷೇರಿನಲ್ಲಿದೆ. “ಲಾಂಗ್ ಟರ್ಮ್‌ನಲ್ಲಿ ಮಾರ್ಕೆಟ್ ಏರೇ ಏರುತ್ತೆ, ಮುಟ್ಟಬೇಡ” ಅಂತಾನೆ ಗೆಳೆಯ.

ಉತ್ತರ: ನಿಮ್ಮ ಗೆಳೆಯರ ವಯಸ್ಸೆಷ್ಟು? 30 ಆಗಿದ್ದರೆ ಅವರ ಮಟ್ಟಿಗೆ ಸರಿ. ಹಣ ಹಾಕುತ್ತಾ ಇರುವವರಿಗೂ ತೆಗೆಯುತ್ತಾ ಇರುವವರಿಗೂ ಒಂದೇ ಮಾರ್ಕೆಟ್ ಬೇರೆ ಬೇರೆ ಥರ ನಡೆದುಕೊಳ್ಳುತ್ತದೆ. ಪೆನ್ನು ಹಿಡಿದು ನನ್ನ ಜೊತೆ ಲೆಕ್ಕ ಹಾಕಿ.

ಗಂಟು 100. ಮೂರು ವರ್ಷ. ಒಂದು ವರ್ಷ 20% ಏರುತ್ತದೆ, ಒಂದು ವರ್ಷ 10% ಏರುತ್ತದೆ, ಒಂದು ವರ್ಷ 20% ಬೀಳುತ್ತದೆ. ನೀವು ಏನೂ ತೆಗೆಯದಿದ್ದರೆ ಯಾವ ವರ್ಷ ಮೊದಲು ಬಂದರೂ ಕೊನೆಗೆ 105.6. ಈಗ ಪ್ರತಿ ವರ್ಷದ ಕೊನೆಗೆ ಖರ್ಚಿಗೆ 10 ತೆಗೆಯಿರಿ. ಏರಿಕೆ ಮೊದಲು ಬಂದರೆ 110, 111, ಆಮೇಲೆ 78.8. ಬೀಳುವ ವರ್ಷ ಮೊದಲು, 20% ಏರಿದ್ದು ಕೊನೆಗೆ ಬಂದರೆ 70, 67, ಆಮೇಲೆ 70.4. ಅದೇ ಮಾರ್ಕೆಟ್, ಅದೇ ಖರ್ಚು. ಮೂರೇ ವರ್ಷಕ್ಕೆ 8.4 ಕೈಬಿಟ್ಟಿತು, ಹೆಚ್ಚುಕಡಿಮೆ ಒಂದು ವರ್ಷದ ಖರ್ಚು. ಬಿದ್ದ ವರ್ಷ ಖರ್ಚಿಗೆಂದು ಮಾರಿದ್ದು ಮುಂದೆ ಏರಲು ಅಲ್ಲಿ ಇರುವುದೇ ಇಲ್ಲ.

ಹಾಗಂತ ಎಲ್ಲ ಮಾರಿಬಿಡಿ ಅಂತ ನಾನು ಹೇಳುತ್ತಿಲ್ಲ. ಎರಡು ಮೂರು ವರ್ಷದ ಮನೆಖರ್ಚನ್ನು ಈಗಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಅಲುಗಾಡದ ಕಡೆಗೆ ಸರಿಸಿ. ಮಾರ್ಕೆಟ್ ಬಿದ್ದ ವರ್ಷ ಅದರಿಂದ ಊಟ ಮಾಡಿ.

ಸದಸ್ಯರೊಬ್ಬರು: ಇದೆಲ್ಲ ತಲೆನೋವೇ ಬೇಡ ಅಂತ ನಾನು ಪೂರ್ತಿ ಠೇವಣಿಯಲ್ಲಿಟ್ಟಿದ್ದೀನಿ. ನೆಮ್ಮದಿಯಾಗಿ ನಿದ್ದೆ ಬರುತ್ತೆ.

ಉತ್ತರ: ನಿದ್ದೆಗೂ ಬೆಲೆ ಇದೆ, ಒಪ್ಪುತ್ತೇನೆ. ಆದರೂ 72ನ್ನು ಬೆಲೆ ಏರಿಕೆಯ ದರದಿಂದ ಭಾಗಿಸಿ ನೋಡಿ. 6% ಆದರೆ 12 ವರ್ಷಕ್ಕೆ ಖರ್ಚು ಎರಡರಷ್ಟು. ಈಗ 50 ಇರುವವರಿಗೆ 62ಕ್ಕೆ ಎರಡು ಪಟ್ಟು, 74ಕ್ಕೆ ನಾಲ್ಕು ಪಟ್ಟು. ತೆರಿಗೆ ಕಳೆದು ಕೈಗೆ ಬರುವ ಬಡ್ಡಿ ಆ 6ನ್ನು ದಾಟದಿದ್ದರೆ ನಿಮ್ಮ ಗಂಟು ಸದ್ದಿಲ್ಲದೆ ಸವೆಯುತ್ತಿದೆ. ಸ್ವಲ್ಪವಾದರೂ ಬೆಳೆಯುವ ಕಡೆ ಇರಲಿ.

ಪ್ರಶ್ನೆ: ನೆನಪಿನ ಶಕ್ತಿಗೆ ಒಳ್ಳೆಯ ಮಾತ್ರೆ ಯಾವುದು?

ಡಾಕ್ಟರ್: ಜಾಹೀರಾತಿನಲ್ಲಿ ಬರುವ ಯಾವುದೂ ಅಲ್ಲ. ಆ ದುಡ್ಡಿನಲ್ಲಿ ಕಿವಿ ಪರೀಕ್ಷೆ ಮಾಡಿಸಿ. ಮರೆವಿನ ಕಾಯಿಲೆಗೆ ದಾರಿ ಮಾಡುವ, ಆದರೆ ನಾವು ತಡೆಯಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಬಿಪಿ, ಸಕ್ಕರೆ ಕಾಯಿಲೆ, ಸಿಗರೇಟು, ಒಂಟಿತನದ ಜೊತೆ ಕಿವಿ ಮಂದವಾಗುವುದೂ ಅದರಲ್ಲಿದೆ. ಕನ್ನಡಕ ಹಾಕಲು ನಾಚದವರು ಕಿವಿಯ ಮಿಷಿನ್ನಿಗೆ ಯಾಕೆ ನಾಚುತ್ತಾರೋ ಕಾಣೆ.

ಪ್ರಶ್ನೆ: “ನಿಮ್ಮ ಖಾತೆ ಇವತ್ತೇ ಬ್ಲಾಕ್ ಆಗುತ್ತೆ” ಅಂತ ಫೋನ್ ಬಂದರೆ?

ಉತ್ತರ: ಇಟ್ಟುಬಿಡಿ. ಒಟಿಪಿ ಯಾರಿಗೂ ಹೇಳಬೇಡಿ. ಅನುಮಾನ ಇದ್ದರೆ ಕಾರ್ಡಿನ ಹಿಂದೆ ಇರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ.

ಪ್ರಶ್ನೆ: ಅಕ್ಕ, ಬೆಳಿಗ್ಗೆ ಯಜಮಾನರ ವಿಷಯ ಕೇಳಿದ್ದೆನಲ್ಲ, ನಾನೇ. ಆಸ್ಪತ್ರೆ ಬಿಲ್ಲಿನ ಮಾತು ಎತ್ತಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಬೀರುವಿನ ಕೀ ತಂದುಕೊಟ್ಟರು. ಆಮೇಲೆ ಇಬ್ಬರೂ ಕುರ್ಚಿ ಪರೀಕ್ಷೆ ಮಾಡಿದೆವು. ಅವರದು 15. ನಂದು 9. ಈ ವಯಸ್ಸಿನಲ್ಲಿ ಇನ್ನು ಸರಿಹೋಗುತ್ತಾ ಡಾಕ್ಟ್ರೇ?

ಡಾಕ್ಟರ್: ಹೋಗುತ್ತದಮ್ಮ. 1990ರಲ್ಲಿ ಅಮೆರಿಕದ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ 90ರ ಆಸುಪಾಸಿನ ಹತ್ತು ಜನಕ್ಕೆ 8 ವಾರ ಕಾಲಿಗೆ ಭಾರ ಎತ್ತಿಸಿದರು. ಮುಗಿಸಿದ ಒಂಬತ್ತು ಜನರ ತೊಡೆಯ ಬಲ ಸರಾಸರಿ 174% ಜಾಸ್ತಿಯಾಯಿತು. ನೀವು ಅವರ ಮಕ್ಕಳ ವಯಸ್ಸಿನವರು. ದಿನ ಬಿಟ್ಟು ದಿನ ಎದ್ದು ಕೂರುವುದನ್ನೇ 5 ಸಲದಂತೆ ಮೂರು ಸುತ್ತು ಮಾಡಿ, ನಡುವೆ ದಣಿವಾರಿಸಿಕೊಳ್ಳಿ. ಮೊದಮೊದಲು ಬೇಕಾದರೆ ಕೈ ಊರಿ. ಊಟದಲ್ಲಿ ಪ್ರೋಟೀನ್ ಸಾಕಷ್ಟು ಇರಲಿ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ, ಹಾಗಾಗಿ ಮೂಳೆಯ ಪರೀಕ್ಷೆಯ ಬಗ್ಗೆ ನಿಮ್ಮ ಡಾಕ್ಟರನ್ನು ಒಮ್ಮೆ ಕೇಳಿ. ಎರಡು ತಿಂಗಳು ಬಿಟ್ಟು ಮತ್ತೆ ಎಣಿಸಿ ಇಲ್ಲೇ ಬರೆಯಿರಿ.

ಉತ್ತರ: ಕುರ್ಚಿಯನ್ನು ಗೋಡೆಗೆ ತಾಗಿಸಿಟ್ಟುಕೊಳ್ಳಿ ಅಕ್ಕ, ಹಿಂದೆ ಜಾರುತ್ತದೆ. ಆ 9ನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಾರೀಖು ಹಾಕಿ ಬರೆದಿಡಿ. ಖಾತೆ ನಂಬರುಗಳು ಎರಡನೇ ಪುಟದಿಂದ ಶುರುವಾಗಲಿ.