ಕಾಲುವೆ ಬದಿಯಲ್ಲಿ ಸಿಕ್ಕ ಕಾಯಿಲೆಯ ಆಮೆ: ಬಿಡುವ ಮುನ್ನ ಆರೈಕೆ ಹೇಗೆ?

ಪ್ರಶ್ನೆ (ಸಿಂಹಗಡ ರಸ್ತೆ, ಪುಣೆ)

ಮೊನ್ನೆ ಸಂಜೆ ಮಳೆ ನಿಂತ ಮೇಲೆ, ನಮ್ಮ ಸೊಸೈಟಿಯ ಹಿಂದಿರುವ ಮುಠಾ ಕಾಲುವೆಯ ಕಾಲುದಾರಿಯಲ್ಲಿ ಒಂದು ಆಮೆ ಅಲುಗಾಡದೆ ಕುಳಿತಿತ್ತು. ಚಿಪ್ಪು ಗಟ್ಟಿಯಾಗಿದ್ದು ಕಪ್ಪು ಬಣ್ಣದ್ದಾಗಿದೆ. ಬೆನ್ನಿನ ಮೇಲೆ ಉದ್ದಕ್ಕೆ ಮೂರು ಏಣುಗಳಿವೆ. ಗಾತ್ರ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಮೂಗಿನಿಂದ ಗುಳ್ಳೆ ಬರುತ್ತಿದೆ, ಬಾಯಿ ತೆರೆದು ಉಸಿರಾಡುತ್ತಿದೆ, ಎಡಗಣ್ಣು ಊದಿಕೊಂಡು ಮುಚ್ಚಿದೆ. ನಾಯಿಗಳ ಬಾಯಿಗೆ ಸಿಕ್ಕೀತೆಂದು ಮನೆಗೆ ತಂದು, ಬಕೆಟ್ಟಿನಲ್ಲಿ ಅರ್ಧದಷ್ಟು ನೀರು ತುಂಬಿಸಿ ಅದರಲ್ಲಿಟ್ಟಿದ್ದೇವೆ. ಪಾಲಕ್, ಕೊತ್ತಂಬರಿ, ಅನ್ನ ಎಲ್ಲವನ್ನೂ ಕೊಟ್ಟು ನೋಡಿದೆವು, ಯಾವುದನ್ನೂ ಮುಟ್ಟಿಲ್ಲ.

ಅಂತರ್ಜಾಲದಲ್ಲಿ ನೋಡಿದಾಗ ಇದು ಬಾಕ್ಸ್ ಟರ್ಟಲ್ ಇರಬಹುದು ಎನಿಸಿತು. ಅದಕ್ಕೆ ವಿಟಮಿನ್ ಎ ಮತ್ತು ಆ್ಯಂಟಿಬಯಾಟಿಕ್ ಕೊಡಬೇಕೆಂದು ಅಲ್ಲಿ ಬರೆದಿತ್ತು. ನಾಯಿ ಸಾಕಿರುವ ಪಕ್ಕದ ಮನೆಯವರು, ನಾಯಿಯ ಉಣುಗಿಗೆ ಹಾಕಿಸುವ ಐವರ್‌ಮೆಕ್ಟಿನ್ ಔಷಧಿಯ ಒಂದು ಹನಿ ಕೊಟ್ಟರೆ ಸಾಕು ಎನ್ನುತ್ತಿದ್ದಾರೆ. ಒಂದು ವಾರ ಆರೈಕೆ ಮಾಡಿ, ಚೇತರಿಸಿಕೊಂಡ ಮೇಲೆ ಖಡಕವಾಸಲಾ ಜಲಾಶಯದಲ್ಲಿ ಬಿಡಬೇಕೆಂಬುದು ನಮ್ಮ ಆಸೆ. ನನ್ನ ಮಗ ಎರಡು ದಿನದಿಂದ ಅದರ ಪಕ್ಕದಿಂದ ಎದ್ದಿಲ್ಲ. ಬಲ್ಲವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ (ಪಶುವೈದ್ಯೆ, ಠಾಣೆ)

ಮೊದಲು ಆ ಆಮೆಯನ್ನು ಬಕೆಟ್ಟಿನಿಂದ ಹೊರಗೆ ತೆಗೆಯಿರಿ. ಉಳಿದದ್ದನ್ನು ಆಮೇಲೆ ಓದಿದರೂ ಆಗುತ್ತದೆ. ಉಸಿರಾಟದ ಸೋಂಕು ತಗುಲಿದ ಆಮೆಗೆ ತಲೆ ಎತ್ತಿ ಹಿಡಿಯುವ ಶಕ್ತಿ ಕುಂದಿರುತ್ತದೆ, ನೀರಿನಲ್ಲಿ ಬದುಕುವ ಜಾತಿಯಾದರೂ ಆಳದ ನೀರಿನಲ್ಲಿ ಅದು ಮುಳುಗಿ ಸಾಯಬಹುದು. ಗಾಳಿಯಾಡುವಂತೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲೋ ಪ್ಲಾಸ್ಟಿಕ್ ಟಬ್ಬಿನಲ್ಲೋ ಹಿಂಡಿದ ಒದ್ದೆ ಬಟ್ಟೆ ಹಾಸಿ ಅದರ ಮೇಲಿಡಿ. ಮೇಲೆ ಇನ್ನೊಂದು ಬಟ್ಟೆ ಮುಚ್ಚಿ, ಮನೆಯ ನಿಶ್ಶಬ್ದವಾದ ಕೋಣೆಯಲ್ಲಿರಿಸಿ.

ಆಮೆಯ ಮೈ ತಾನಾಗಿ ಬಿಸಿಯನ್ನು ಹುಟ್ಟಿಸಿಕೊಳ್ಳುವುದಿಲ್ಲ. ಸುತ್ತಲಿನ ಗಾಳಿ ತಣ್ಣಗಿದ್ದರೆ ಅದರ ರೋಗನಿರೋಧಕ ಶಕ್ತಿ, ಜೀರ್ಣಶಕ್ತಿ ಎರಡೂ ಮಂದವಾಗುತ್ತವೆ, ಕೊಟ್ಟ ಔಷಧಿಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಪೆಟ್ಟಿಗೆಯ ಒಂದು ಬದಿಯ ಹೊರಗೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನಿಟ್ಟು, ಒಳಗಿನ ಉಷ್ಣತೆ 26ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವಂತೆ ನೋಡಿಕೊಳ್ಳಿ. ಇನ್ನೊಂದು ಬದಿ ತಂಪಾಗಿಯೇ ಇರಲಿ, ಬಿಸಿ ಹೆಚ್ಚೆನಿಸಿದರೆ ಅದು ತಾನೇ ಸರಿದುಕೊಳ್ಳಲಿ. ದಿನಕ್ಕೊಮ್ಮೆ, ಗದ್ದಕ್ಕಿಂತ ಕೆಳಗೇ ನಿಲ್ಲುವಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಕೂರಿಸಿ. ನೀವು ಪಕ್ಕದಲ್ಲೇ ಇರಬೇಕು. ಆಹಾರದ ಚಿಂತೆ ಈಗ ಬೇಡ. ಬಾಯಿ ಬಿಡಿಸಿ ತಿನ್ನಿಸಿದರೆ ಆಹಾರ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ, ಮೈ ಬೆಚ್ಚಗಾಗಿ ನೀರಿನಂಶ ತುಂಬುವ ಮೊದಲು ತಿಂದದ್ದು ಹೊಟ್ಟೆಯಲ್ಲಿ ಹಾಗೆಯೇ ಉಳಿಯುತ್ತದೆ.

ಐವರ್‌ಮೆಕ್ಟಿನ್ ಅನ್ನು ಯಾವ ಕಾರಣಕ್ಕೂ ಕೊಡಬೇಡಿ. ನಾಯಿ, ದನಗಳಿಗೆ ಒಗ್ಗುವ ಆ ಔಷಧಿ ಆಮೆಗಳ ನರಮಂಡಲಕ್ಕೆ ವಿಷ. ಸಣ್ಣ ಪ್ರಮಾಣದಲ್ಲಿಯೇ ಪಾರ್ಶ್ವವಾಯು ಬಡಿದು ಅವು ಸಾಯುತ್ತವೆ. ವಿಟಮಿನ್ ಎ ಕೊರತೆಯಿಂದ ಕಣ್ಣು ಊದುವುದು ಹೆಚ್ಚಾಗಿ ಸರಿಯಾದ ಆಹಾರ ಸಿಗದ ಸಾಕಿದ ಆಮೆಗಳಲ್ಲಿ. ಕಾಡಿನ ಆಮೆಗೆ ಬೇಡದಿದ್ದರೂ ಆ ಚುಚ್ಚುಮದ್ದು ಕೊಟ್ಟು ಪ್ರಮಾಣ ಮೀರಿದರೆ ಚರ್ಮವೇ ಸುಲಿದು ಬರುತ್ತದೆ. ಆ್ಯಂಟಿಬಯಾಟಿಕ್ ವಿಷಯವೂ ಹಾಗೆಯೇ: ಕೆಲವು ಔಷಧಿಗಳು ನೀರಿನಂಶ ಕಡಿಮೆಯಾದ ಆಮೆಯ ಮೂತ್ರಪಿಂಡಗಳನ್ನು ಕೆಡಿಸುತ್ತವೆ, ಇನ್ನು ಕೆಲವನ್ನು ಎರಡು ಮೂರು ದಿನಗಳಿಗೊಮ್ಮೆ ಮಾತ್ರ, ಗ್ರಾಮಿನ ಲೆಕ್ಕದಲ್ಲಿ ತೂಕ ನೋಡಿ ಕೊಡಬೇಕಾಗುತ್ತದೆ. ಕಿವಿಯ ಭಾಗದಲ್ಲಿ ಉಬ್ಬು ಇದೆಯೇ ನೋಡಿ. ಆಮೆಯ ಕೀವು ನಮ್ಮದರಂತೆ ತೆಳ್ಳಗೆ ಹರಿಯದೆ ಗಿಣ್ಣಿನಂತೆ ಗಟ್ಟಿಯಾಗುವುದರಿಂದ ಅಂಥ ಗಂಟನ್ನು ಶಸ್ತ್ರಚಿಕಿತ್ಸೆಯಿಂದಲೇ ತೆಗೆಯಬೇಕು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಆಮೆಗೆ ನಮ್ಮಂಥ ವಪೆ (ಎದೆ, ಹೊಟ್ಟೆಗಳ ನಡುವಿನ ಸ್ನಾಯುಪೊರೆ) ಇಲ್ಲ, ಆದ್ದರಿಂದ ಕೆಮ್ಮಿ ಕಫವನ್ನು ಹೊರಹಾಕಲು ಅದಕ್ಕೆ ಆಗದು. ಬಾಯಿ ತೆರೆದು ಉಸಿರಾಡುವ ಹಂತಕ್ಕೆ ಬಂದಿದೆಯೆಂದರೆ ಕಾಯಿಲೆ ಬಹಳ ದಿನಗಳಿಂದ ಒಳಗೇ ಬೆಳೆದಿದೆ. ಇದು ಮನೆಯಲ್ಲಿ ಒಂದು ವಾರದಲ್ಲಿ ಮುಗಿಯುವ ಆರೈಕೆಯಲ್ಲ.

ಉತ್ತರ (ಸ್ವಯಂಸೇವಕ, ಕೋಥರುಡ್)

ಡಾಕ್ಟರ್ ಅವರ ಮಾತಿಗೆ ಸ್ಥಳೀಯವಾದ ಕೆಲವು ವಿಷಯಗಳನ್ನು ಸೇರಿಸುತ್ತೇನೆ. ನಿಮ್ಮಲ್ಲಿರುವುದು ಬಾಕ್ಸ್ ಟರ್ಟಲ್ ಅಲ್ಲ. ಆ ಹೆಸರಿನವು ಅಮೆರಿಕದಲ್ಲಿವೆ. ಏಷ್ಯಾದ ಬಾಕ್ಸ್ ಆಮೆಗಳು ನಮ್ಮ ದೇಶದಲ್ಲಿ ಈಶಾನ್ಯ ರಾಜ್ಯಗಳು ಮತ್ತು ನಿಕೋಬಾರ್ ಕಡೆ ಕಾಣಸಿಗುತ್ತವೆ. ಅವುಗಳ ಹೊಟ್ಟೆಯ ಚಿಪ್ಪಿಗೆ ಕೀಲು ಇರುವುದರಿಂದ ಡಬ್ಬಿಯಂತೆ ಮುಚ್ಚಿಕೊಳ್ಳಬಲ್ಲವು. ಮೂರು ಏಣುಗಳ ಕಪ್ಪು ಚಿಪ್ಪು ಎಂದರೆ ಅದು ನಮ್ಮ ದಖ್ಖನಿನ ಕೆರೆ ತೊರೆಗಳಲ್ಲಿ ವಾಸಿಸುವ ಕರಿ ಆಮೆ ಇರಬೇಕು. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇದ್ದರೆ ಮಾತ್ರ ತಿಳಿಸಿ. ಅದು ಯಾರೋ ಸಾಕಿ ಬಿಟ್ಟ ಅಮೆರಿಕದ ಆಮೆ, ಅದನ್ನು ನಮ್ಮ ನೀರಿಗೆ ಎಂದಿಗೂ ಬಿಡಬಾರದು.

ಇಂದೇ 1926ಕ್ಕೆ ಕರೆ ಮಾಡಿ. ಅದು ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ. ‘ಕಾಸವ’ (ಆಮೆ) ಸಿಕ್ಕಿದೆ, ಉಸಿರಾಟದ ತೊಂದರೆಯಿದೆ ಎಂದು ಮರಾಠಿಯಲ್ಲಿ ಹೇಳಿದರೆ ಸಾಕು. ಬಾವಧನದಲ್ಲಿ ವನ್ಯಜೀವಿಗಳ ಚಿಕಿತ್ಸಾ ಕೇಂದ್ರವಿದೆ, ಎಲ್ಲಿಗೆ ಒಪ್ಪಿಸಬೇಕೆಂದು ಇಲಾಖೆಯವರೇ ತಿಳಿಸುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೆಯ ಕಲಮಿನ ಪ್ರಕಾರ ಇಂಥ ಪ್ರಾಣಿ ಸರ್ಕಾರದ ಸ್ವತ್ತು. ಕೈಗೆ ಬಂದ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರಿಗೋ ತಿಳಿಸಬೇಕು. ನೀವು ಮೊನ್ನೆ ಸಂಜೆ ತಂದಿರುವುದರಿಂದ ಆ ಅವಧಿ ಇಂದು ಸಂಜೆಗೆ ಮುಗಿಯುತ್ತದೆ. ಹೆದರಿಸುವುದಕ್ಕೆ ಹೇಳುತ್ತಿಲ್ಲ, ದಾರಿಯಲ್ಲಿ ನಿಂತು ಒಂದು ಜೀವವನ್ನು ಎತ್ತಿಕೊಂಡು ಬಂದ ನಿಮ್ಮ ಮೇಲೆ ನನಗೆ ಗೌರವವಿದೆ.

ಖಡಕವಾಸಲಾದ ಯೋಚನೆಯನ್ನು ಬಿಟ್ಟುಬಿಡಿ. ಅಮೆರಿಕದ ಬಾಕ್ಸ್ ಆಮೆಗಳ ಬಗ್ಗೆ ನೀವು ಓದಿದ್ದರಲ್ಲಿ ನಮಗೆ ಉಪಯೋಗಕ್ಕೆ ಬರುವ ಮಾತೊಂದಿದೆ: ಅವು ಕೆಲವೇ ನೂರು ಮೀಟರುಗಳ ಜಾಗದಲ್ಲಿ ಬದುಕೆಲ್ಲ ಕಳೆಯುತ್ತವೆ, ಬೇರೆಡೆ ಬಿಟ್ಟರೆ ಹಳೆಯ ನೆಲೆಯನ್ನು ಹುಡುಕುತ್ತ ಅಲೆದು ರಸ್ತೆಗಳಲ್ಲಿ ಸಾಯುತ್ತವೆ. ನಮ್ಮ ಆಮೆಯನ್ನೂ ಸಿಕ್ಕಿದ ಜಾಗದ ಹತ್ತಿರವೇ ಬಿಡುವುದು ಸರಿ. ಬೇರೆ ನೀರಿಗೆ ಬಿಟ್ಟರೆ ಅದರ ಸೋಂಕು ಅಲ್ಲಿನ ಆಮೆಗಳಿಗೂ ತಗುಲೀತು. ಸಿಕ್ಕಿದ ಸ್ಥಳ, ಹೊತ್ತು, ಹತ್ತಿರದ ಗುರುತು ಎಲ್ಲವನ್ನೂ ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಜೊತೆಗೇ ಕೊಡಿ.

ಉತ್ತರ (ಫೋಂಡಾ, ಗೋವಾ)

ಇದನ್ನು ಬರೆಯುವುದು ನನಗೆ ಕಷ್ಟ, ಆದರೂ ಬರೆಯಬೇಕು. ನಾಲ್ಕು ವರ್ಷಗಳ ಹಿಂದೆ ಗದ್ದೆಯ ಬದಿಯಲ್ಲಿ ಮೆತ್ತನೆಯ ಚಿಪ್ಪಿನ ಆಮೆಯೊಂದು ಸಿಕ್ಕಿತ್ತು. ಸಾಕುಪ್ರಾಣಿಗಳ ಚಿಕಿತ್ಸಾಲಯವೊಂದಕ್ಕೆ ಒಯ್ದಾಗ ಅಲ್ಲಿ ಐವರ್‌ಮೆಕ್ಟಿನ್ ಚುಚ್ಚಿದರು. ಮರುದಿನ ಅದರ ಕಾಲುಗಳ ಸ್ವಾಧೀನ ತಪ್ಪಿತು, ಮೂರನೆಯ ದಿನ ಸತ್ತಿತು. ಕೇಳಬೇಕಾದ ಪ್ರಶ್ನೆಯನ್ನು ನಾನು ಕೇಳಲಿಲ್ಲವಲ್ಲ ಎಂಬ ನೋವು ಇನ್ನೂ ಇದೆ. ಮುಂದೆ ಇನ್ನೊಂದು ಆಮೆ ಸಿಕ್ಕಾಗ ಅದೇ ದಿನ ಅರಣ್ಯ ಇಲಾಖೆಗೆ ಒಪ್ಪಿಸಿದೆ. ಎರಡು ತಿಂಗಳ ನಂತರ ಅದೇ ಗದ್ದೆಯ ತೋಡಿನಲ್ಲಿ ಅದನ್ನು ಬಿಟ್ಟರು.

ನಿಮ್ಮ ಮಗನಿಗೆ ಒಂದು ಮಾತು ಹೇಳಿ. ಆಮೆಯನ್ನು ಮುಟ್ಟಿದ ಪ್ರತಿ ಸಲವೂ ಸಾಬೂನಿನಿಂದ ಕೈ ತೊಳೆಯಬೇಕು. ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಆ ಬಕೆಟ್ಟನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಪ್ರಶ್ನೆ ಕೇಳಿದವರಿಂದ (ಮರುದಿನ)

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ಮಧ್ಯಾಹ್ನವೇ 1926ಕ್ಕೆ ಕರೆ ಮಾಡಿದೆ. ಸಂಜೆ ಆರರೊಳಗೆ ಆಮೆಯನ್ನು ಒಪ್ಪಿಸಿದೆವು. ತೂಕ 640 ಗ್ರಾಂ. ಕೆಂಪು ಪಟ್ಟೆ ಇಲ್ಲ, ಕರಿ ಆಮೆಯೇ ಎಂದರು. ಎಡಗಿವಿಯ ಬಳಿ ಸಣ್ಣ ಗಂಟು ಇರುವುದನ್ನು ಅಲ್ಲಿ ತೋರಿಸಿದರು, ನಾವು ಗಮನಿಸಿಯೇ ಇರಲಿಲ್ಲ. ಔಷಧಿ ನಿಲ್ಲಿಸಿದ ಮೇಲೂ ಮೂಗು ಒಣಗಿರಬೇಕು, ತಾನಾಗಿ ತಿಂದು ತೂಕ ಉಳಿಸಿಕೊಳ್ಳಬೇಕು, ನೀರಿನಲ್ಲಿ ಒಂದು ಬದಿಗೆ ವಾಲದೆ ತೇಲಬೇಕು. ಅಲ್ಲಿಯವರೆಗೆ ಬಿಡುವುದಿಲ್ಲ ಎಂದು ತಿಳಿಸಿದರು. ಮಗ ಅತ್ತನು, ಆದರೆ ಚೀಟಿಯನ್ನು ತಾನೇ ಬರೆದುಕೊಟ್ಟನು.

ಒಂದು ಸಂದೇಹ ಉಳಿದಿದೆ. ಆ ಭಾಗದಲ್ಲಿ ಕಾಲುವೆಯ ಎರಡೂ ದಂಡೆಗಳು ಸಿಮೆಂಟಿನ ಇಳಿಜಾರು. ಅಲ್ಲಿ ಇಳಿದ ಆಮೆ ಮತ್ತೆ ಹತ್ತಲಾರದು. ಬಿಡುವಾಗ ಏನು ಮಾಡುತ್ತಾರೆ?

ಉತ್ತರ (ಸ್ವಯಂಸೇವಕ, ಕೋಥರುಡ್)

ಅದು ಕಾಲುವೆಯಿಂದಲೇ ಬಂದಿತ್ತೆಂದು ಹೇಳಲಾಗದು. ಪಕ್ಕದಲ್ಲಿ ಹಳ್ಳವಿದ್ದರೆ ಮಳೆಗೆ ಅಲ್ಲಿಂದ ಮೇಲೆ ಬಂದಿರಬಹುದು. ಬೆಳಗಿನ ಹೊತ್ತು ಮಗನನ್ನು ಕರೆದುಕೊಂಡು ಹೋಗಿ, ಜೊಂಡು ಬೆಳೆದ, ಮಣ್ಣಿನ ದಂಡೆಯಿರುವ ಜಾಗ ಹತ್ತಿರದಲ್ಲಿ ಎಲ್ಲಿದೆಯೆಂದು ನೋಡಿ, ಫೋಟೋ ತೆಗೆದು ಕೇಂದ್ರದವರಿಗೆ ಕಳುಹಿಸಿ. ಬಿಡುವ ಜಾಗವನ್ನು ನಿರ್ಧರಿಸುವವರು ಅವರೇ ಆದರೂ, ಆ ದಾರಿಯನ್ನು ದಿನವೂ ನೋಡುವವರು ನೀವು.